ರೋಗ ಯಾರದು, ನಿರ್ಣಯ ಯಾರಿಗಾಗಿ?

ಕಳೆದ ದೀಪಾವಳಿ ಸಮಾರಂಭದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದೆ. ನಮ್ಮ ಕೂಟದ ಸದಸ್ಯರೊಬ್ಬರ ಮಗ, ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ, ಹತ್ತಿರ ಬಂದು, "ಡಾಕ್ಟರ್ ಅಂಕಲ್, ಲಾಬ್‌ಸ್ಟರ್‌ಗೆ ಕಾಯಿಲೆ ಬಂದ್ರೆ ನೀವು ಕಂಡುಹಿಡೀತೀರಾ?" ಎಂದು ಕೇಳಿದ. ನನ್ನ ಹಿಂದೆ ನಿಂತಿದ್ದ ಹಿರಿಯರು, ಪಕ್ಕಾ ಸಸ್ಯಾಹಾರಿಗಳು, ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ನಕ್ಕು, "ಮನುಷ್ಯರದ್ದೇ ಕಷ್ಟವಾಗಿದೆಯಪ್ಪ" ಎಂದೆ. ಹುಡುಗ ನಗಲಿಲ್ಲ. ಜೇಬಿನಿಂದ ಮಡಿಸಿದ ನಾಲ್ಕು ಹಾಳೆ ತೆಗೆದು ಕೈಗಿತ್ತ. ಸಂಪಾದಕರು ನಾಲ್ಕು ಸಂಚಿಕೆಗಳಿಂದ ಏನಾದರೂ ಬರೆಯಿರಿ ಎನ್ನುತ್ತಿದ್ದಾರೆ. ಆ ಹಾಳೆಗಳು ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋದವು ಎಂಬುದನ್ನೇ ಬರೆಯುತ್ತೇನೆ. ಮೀನು ಮಾಂಸ ಮುಟ್ಟದವರು ದಯವಿಟ್ಟು ಪುಟ ತಿರುಗಿಸಬೇಡಿ. ವಿಷಯ ಊಟದ್ದಲ್ಲ.

ಲಾಬ್‌ಸ್ಟರ್ ಎಂದರೆ ಸಿಗಡಿಯ ದೊಡ್ಡಣ್ಣ ಎಂದಿಟ್ಟುಕೊಳ್ಳಿ. ನಾನು ಬಹುಕಾಲ ಕೆಲಸ ಮಾಡಿದ ಮೇಯ್ನ್ ಕರಾವಳಿಯದಕ್ಕೆ ಏಡಿಯಂತೆ ದೊಡ್ಡ ಇಕ್ಕುಳಗಳಿವೆ. ಬೆಚ್ಚಗಿನ ಸಮುದ್ರದ ಜಾತಿಗೆ ಇಕ್ಕುಳವಿಲ್ಲ, ಮೈತುಂಬ ಮುಳ್ಳು. ಈ ಮುಳ್ಳಿನ ಜಾತಿಯನ್ನು ವಿಯೆಟ್ನಾಂನ ಮಧ್ಯ ಕರಾವಳಿಯ ಕೊಲ್ಲಿಗಳಲ್ಲಿ ಬಲೆಯ ಪಂಜರ ಕಟ್ಟಿ ಸಾಕುತ್ತಾರೆ. ಮರಿಗಳನ್ನು ಸಮುದ್ರದಿಂದ ಹಿಡಿದು ತಂದು, ಸಣ್ಣ ಮೀನು ಹಾಕಿ ವರ್ಷಕ್ಕೂ ಮೇಲೆ ಬೆಳೆಸಿ, ಜೀವಂತವಾಗಿ ಮಾರುವ ವ್ಯಾಪಾರ. ಸತ್ತ ಲಾಬ್‌ಸ್ಟರಿಗೆ ಹೇಳಿಕೊಳ್ಳುವ ಬೆಲೆಯಿಲ್ಲ. 2006ರಿಂದೀಚೆಗೆ ಅಲ್ಲಿ ಒಂದು ರೋಗ ಹರಡಿತು. ತಿಳಿಯಾಗಿರಬೇಕಾದ ರಕ್ತ ಹಾಲಿನಂತೆ ಬೆಳ್ಳಗಾಗುತ್ತದೆ, ಪ್ರಾಣಿ ಮೇವು ಬಿಡುತ್ತದೆ, ಲಕ್ಷಣ ಕಂಡ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದು ರಿಕೆಟ್ಸಿಯಾ ತರಹದ ಬ್ಯಾಕ್ಟೀರಿಯಾದ ಕೆಲಸ. ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಒಂದೊಂದು ಲಾಬ್‌ಸ್ಟರಿಗೂ ಸೂಜಿಯಲ್ಲಿ ಚುಚ್ಚುತ್ತಾರೆ. ನಾನು ವಾರಕ್ಕೊಮ್ಮೆಯಾದರೂ ಬರೆದುಕೊಡುವ ಡಾಕ್ಸಿಸೈಕ್ಲಿನ್‌ಗೆ ಇದು ದಾಯಾದಿ.

ಹುಡುಗನ ಸಹಪಾಠಿಯೊಬ್ಬಳು ಆ ಕಡೆಯವಳು. ಅವಳ ಸೋದರಮಾವನಿಗೆ ಇಂಥ ಪಂಜರಗಳಿವೆ. ಇಬ್ಬರೂ ಸೇರಿ ಒಂದು ಎಕ್ಸ್‌ಪರ್ಟ್ ಸಿಸ್ಟಮ್ ಮಾಡುತ್ತಿದ್ದಾರೆ. ರೈತ ಫೋನ್ ತೆರೆದರೆ ಅದು ಪ್ರಶ್ನೆ ಕೇಳುತ್ತದೆ: ಮೇವು ತಿನ್ನುತ್ತಿದೆಯೇ? ಹೊಟ್ಟೆಯ ಕೆಳಭಾಗ ಬಿಳಿಚಿದೆಯೇ? ಚಿಪ್ಪಿನ ಮೇಲೆ ಕಪ್ಪು ಕಲೆ ಇದೆಯೇ? ಉತ್ತರ ಕೊಡುತ್ತ ಹೋದರೆ ಕೊನೆಗೆ ರೋಗದ ಹೆಸರು, ಅದರ ಮುಂದೆ ಎಷ್ಟು ಖಚಿತ ಎಂಬ ಅಂಕಿ, ಅದರ ಮುಂದೆ "ಏನು ಮಾಡಬೇಕು" ಎಂಬ ಸಲಹೆ. ಪ್ರಶ್ನೆಗಳ ಕ್ರಮ ಸರಿಯಿದೆಯೇ ನೋಡಿ ಎಂದು ನನ್ನ ಹತ್ತಿರ ಬಂದಿದ್ದ.

ಇದು ಹೊಸ ವಿದ್ಯೆಯೇನಲ್ಲ. ಇಂದಿನ ಕಂಪ್ಯೂಟರುಗಳು ರಾಶಿ ರಾಶಿ ಚಿತ್ರ, ಬರಹ ನುಂಗಿ ತಾವೇ ಏನೋ ಕಲಿಯುತ್ತವೆ. ಎಕ್ಸ್‌ಪರ್ಟ್ ಸಿಸ್ಟಮ್ ಹಾಗಲ್ಲ. ಬಲ್ಲವರನ್ನು ಕೂರಿಸಿಕೊಂಡು "ಹೀಗಿದ್ದರೆ ಹೀಗೆ" ಎಂಬ ನಿಯಮಗಳನ್ನು ಅವರ ಬಾಯಿಂದ ಹೊರಡಿಸಿ ಬರೆದಿಟ್ಟದ್ದು, ನಮ್ಮಲ್ಲಿ ಹಿರಿಯ ವೈದ್ಯರು ಶಿಷ್ಯನಿಗೆ ಹೇಳಿಕೊಟ್ಟಂತೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಂಗಡಿಗರು ಮೈಸಿನ್ ಎಂಬುದನ್ನು ಕಟ್ಟಿದರು. ರಕ್ತದ ಸೋಂಕು, ಮಿದುಳುಪೊರೆಯ ಸೋಂಕುಗಳಿಗೆ ಯಾವ ಆಂಟಿಬಯೋಟಿಕ್ ಎಂದು ಹೇಳಲು ಅದರಲ್ಲಿ ಐನೂರಕ್ಕೂ ಹೆಚ್ಚು ನಿಯಮಗಳಿದ್ದವು. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಾರ ಉತ್ತರ ಯಾವುದೆಂದು ತಿಳಿಯದ ತಜ್ಞರು ಮೈಸಿನ್‌ನ ಸಲಹೆಗಳಲ್ಲಿ 65% ಒಪ್ಪತಕ್ಕವು ಎಂದರು. ಅದೇ ಸಂಸ್ಥೆಯ ಐವರು ಅಧ್ಯಾಪಕ ವೈದ್ಯರ ಸಲಹೆಗಳಿಗೆ ಸಿಕ್ಕಿದ್ದು 42.5%ರಿಂದ 62.5%. ಆದರೂ ಅದು ವಾರ್ಡಿಗೆ ಬರಲಿಲ್ಲ. ಅದಕ್ಕೂ ಮೊದಲು, 1972ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಎಂಬ ವೈದ್ಯರು ಹೊಟ್ಟೆನೋವಿನ 304 ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದರು. ಅದು ನಿಯಮಗಳದ್ದಲ್ಲ, ಸಂಭವನೀಯತೆಯ ಲೆಕ್ಕದ್ದು. ಕಂಪ್ಯೂಟರ್ 91.8% ಸರಿ, ತಂಡದ ಹಿರಿಯ ವೈದ್ಯರು 79.6%.

ಲೀಡ್ಸ್‌ನ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಬೇರೆ. ಆ ಪ್ರಯೋಗ ನಡೆಯುವಷ್ಟು ಕಾಲ ವೈದ್ಯರೂ ಚುರುಕಾದರು. ಕಂಪ್ಯೂಟರಿಗೆ ಕೊಡಬೇಕಲ್ಲ ಎಂದು ಫಾರಂ ಹಿಡಿದು ಒಂದೊಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಿದರು, ತಪ್ಪಿದ್ದು ಎಲ್ಲಿ ಎಂದು ತಿಳಿದುಕೊಂಡರು. ಪ್ರಯೋಗ ಮುಗಿದ ಮೇಲೆ ಮತ್ತೆ ಹಳೆಯ ಚಾಳಿಗೆ ಇಳಿದರು. ಹಾಗಾದರೆ ರೋಗ ಹಿಡಿದದ್ದು ಯಂತ್ರವೋ, ಸರಿಯಾಗಿ ಕೇಳಿದ ಪ್ರಶ್ನೆಯೋ?

ಈ ಗುಂಗಿನಲ್ಲೇ ಒಂದು ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಹುಡುಗನ ಹಾಳೆಗಳೊಡನೆ ಕುಳಿತೆ. ಪ್ರಶ್ನೆಗಳು ಪರವಾಗಿಲ್ಲ. ಎರಡು ಕಡೆ ಕ್ರಮ ಬದಲಿಸಿದೆ, ಒಂದು ಕಡೆ "ಸೋಮಾರಿಯಾಗಿದೆಯೇ" ಎಂದಿದ್ದನ್ನು "ಮುಟ್ಟಿದರೆ ಬಾಲ ಬಡಿಯುತ್ತದೆಯೇ" ಎಂದು ತಿದ್ದಿದೆ. ನಡುವೆ ಒಂದು ಪ್ರಶ್ನೆಯಿತ್ತು: "ಮಾರುವ ತೂಕ ತಲುಪಲು ಎಷ್ಟು ದಿನ ಬಾಕಿ?" ಇದು ರೋಗಲಕ್ಷಣ ಹೇಗಾಯಿತು ಎಂದುಕೊಂಡು ಮುಂದೆ ಹೋದೆ. ಕೊನೆಯ ಹಾಳೆಯಲ್ಲಿ ಅದರ ಅರ್ಥ ಸಿಕ್ಕಿತು. "ಏನು ಮಾಡಬೇಕು" ಎಂಬ ಕಾಲಮ್ಮಿನಲ್ಲಿ, ತೂಕ ಬಂದಿದ್ದು ರೋಗ ಇನ್ನೂ ಮೊದಲ ಹಂತದಲ್ಲಿದ್ದರೆ: "ತಕ್ಷಣ ಮಾರಿ."

ಪೆನ್ನು ಅಲ್ಲಿಯೇ ನಿಂತಿತು.

ಹುಡುಗನನ್ನು ಬೈಯುವ ಮುಂಚೆ ನನ್ನ ಮನೆಯ ಕಥೆಯನ್ನೇ ಹೇಳಬೇಕು. ಆಗ ನನಗೆ ಏಳೋ ಎಂಟೋ ವರ್ಷ. ಪಕ್ಕದ ಮನೆಯ ಕೊಟ್ಟಿಗೆಗೆ ಕಾಲುಬಾಯಿ ಜ್ವರ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಎಡಗಡೆಯ ಎತ್ತು ಹುಲ್ಲು ಮೂಸಿ ಬಿಟ್ಟಿತು. ಅಷ್ಟೇ. ಬಾಯಲ್ಲಿ ಜೊಲ್ಲಿಲ್ಲ, ಗೊರಸಿನಲ್ಲಿ ಹುಣ್ಣಿಲ್ಲ. ನಮ್ಮ ತಾತ ಅದರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು, ಜೋಡಿ ಬಿಚ್ಚಿದರು, ಮಧ್ಯಾಹ್ನದ ಹೊತ್ತಿಗೆ ಸಂತೆಯಲ್ಲಿದ್ದರು. ಎತ್ತಿನ ರೋಗವನ್ನು ಅವರಷ್ಟು ಬೇಗ ಹಿಡಿಯಬಲ್ಲವರು ಸುತ್ತಲಿನ ಊರುಗಳಲ್ಲಿ ಯಾರೂ ಇರಲಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಜ್ಜಿ ನಾಲ್ಕು ದಿನ ಅವರ ಹತ್ತಿರ ಮಾತಾಡಲಿಲ್ಲ. ಕಾರಣ ನನಗೆ ತಿಳಿದದ್ದು ಎಂಬಿಬಿಎಸ್ ಓದುವಾಗ, ರಜೆಯಲ್ಲಿ ಊರಿಗೆ ಹೋದಾಗ. ಸಂತೆಯಲ್ಲಿ ಎತ್ತು ಕೊಂಡವರ ಮನೆಯಲ್ಲಿ ಇದ್ದದ್ದು ಒಂದೇ ಕೊಟ್ಟಿಗೆ.

ಮೇಯ್ನ್‌ನಲ್ಲೂ ಇದೇ ವ್ಯವಹಾರವನ್ನು ಕಂಡೆ. ಅಲ್ಲಿ ಸಾಕಣೆಯಲ್ಲ, ಕೂಡಿಡುವುದು. ಕಡಲಿನ ಸಣ್ಣ ಕೊರಕಲಿಗೆ ಅಡ್ಡಗಟ್ಟೆ ಹಾಕಿ ಕೊಳ ಮಾಡುತ್ತಾರೆ, ಪೌಂಡ್ ಎನ್ನುತ್ತಾರೆ. ಶರತ್ಕಾಲದಲ್ಲಿ ಅಗ್ಗವಾಗಿ ಸಿಕ್ಕ ಲಾಬ್‌ಸ್ಟರನ್ನು ಅಲ್ಲಿ ಬಿಟ್ಟು, ಚಳಿಗಾಲದಲ್ಲಿ ಬೆಲೆ ಏರಿದಾಗ ತೆಗೆಯುವುದು. ಆ ಕೊಳಗಳಿಗೆ ಬರುವ ಒಂದು ರೋಗವನ್ನು 1947ರಲ್ಲಿ ಸ್ನೀಸ್ಕೊ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಗುರುತಿಸಿದರು. ಗ್ಯಾಫ್‌ಕೀಮಿಯಾ ಅದರ ಹೆಸರು, ಮೀನುಗಾರರ ಬಾಯಲ್ಲಿ ಕೆಂಪುಬಾಲ. ಬಾಲ ಯಾವಾಗಲೂ ಕೆಂಪಾಗುವುದಿಲ್ಲ ಎನ್ನುವುದು ಬೇರೆ ಮಾತು. ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ನೀರು 15 ಡಿಗ್ರಿ ಇದ್ದರೆ ಎರಡು ವಾರದೊಳಗೆ ಸಾವು, ಕೊರೆಯುವ ನೀರಿನಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಈ ಬ್ಯಾಕ್ಟೀರಿಯಾ ಬಾಯಿಂದ ಹೋದರೆ ಹೊಟ್ಟೆಯ ಆಮ್ಲದಲ್ಲೇ ಸಾಯುತ್ತದೆ, ಅದಕ್ಕೆ ಗಾಯವೇ ಬಾಗಿಲು. ಆ ಗಾಯ ಎಲ್ಲಿಂದ? ಒಂದನ್ನೊಂದು ಕಚ್ಚದಿರಲಿ ಎಂದು ಮೀನುಗಾರರೇ ಇಕ್ಕುಳದ ಸಂದಿಗೆ ಮರದ ಮೊಳೆ ಚುಚ್ಚುತ್ತಿದ್ದರು. ಈಗ ಅದರ ಜಾಗಕ್ಕೆ ರಬ್ಬರ್ ಪಟ್ಟಿ ಬಂದಿದೆ. ಪ್ರಶ್ನಾವಳಿಯಲ್ಲಿ "ಮೊಳೆ ಹೊಡೆದವರು ಯಾರು" ಎಂಬ ಪ್ರಶ್ನೆ ಇಲ್ಲದಿದ್ದರೆ ರೋಗದ ಹೆಸರು ಸಿಗುತ್ತದೆ, ರೋಗ ಹೋಗುವುದಿಲ್ಲ.

ಔಷಧ ಅಲ್ಲಿಯೂ ಅದೇ ಆಕ್ಸಿಟೆಟ್ರಾಸೈಕ್ಲಿನ್, ಮೇವಿನಲ್ಲಿ ಕಲಸಿ ಐದು ದಿನ. ಆಮೇಲೆ 30 ದಿನ ಮಾರುವಂತಿಲ್ಲ ಎಂದು ಅಮೆರಿಕದ ಕಾನೂನು. ಆ ಮೂವತ್ತು ದಿನ ಲಾಬ್‌ಸ್ಟರಿಗಾಗಿ ಅಲ್ಲ, ತಿನ್ನುವವನಿಗಾಗಿ. ಯಾರೋ ಒಬ್ಬರು ಕಾಣದ ಮನುಷ್ಯನನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎನಿಸಿ, ಇದನ್ನು ಓದಿದಾಗ ನನಗೆ ಸಮಾಧಾನವಾಯಿತು.

ಈಗ ಬರೆಯಲು ಕಷ್ಟವಾದ ಭಾಗ. 2011ರ ಬೇಸಿಗೆಯಲ್ಲಿ, ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಅರವತ್ತು ದಾಟಿದ ಒಬ್ಬರು ಬಂದರು. ವಾರದಿಂದ ಜ್ವರ, ಬಲಗೈ ಬೆರಳು ಊದಿಕೊಂಡಿತ್ತು, ನೇರಳೆ ಮಿಶ್ರಿತ ಕೆಂಪು, ಅಂಚು ಗೆರೆ ಎಳೆದಂತೆ. ಕೀವಿಲ್ಲ, ನೋವು ಮಾತ್ರ ವಿಪರೀತ. ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಸಿದ್ಧ ಸಲಹಾಪಟ್ಟಿ ಇತ್ತು. ಜ್ವರ, ಚರ್ಮದ ಸೋಂಕು, ಚಿಕ್ಕಂದಿನಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ತುಂಬಿದೆ. ವ್ಯಾಂಕೊಮೈಸಿನ್ ಎಂದಿತು. ನಾನು ಒತ್ತಿದೆ. ನಿಯಮದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಉದ್ಯೋಗದ ಕಾಲಮ್ಮೂ ಖಾಲಿಯಿರಲಿಲ್ಲ. "ಸ್ವಂತ ಉದ್ಯೋಗ" ಎಂದು ತುಂಬಿತ್ತು.

ಮೂರನೆಯ ದಿನ ಬೆಳಿಗ್ಗೆ ಪ್ರಯೋಗಾಲಯದ ಹೆಂಗಸು ಫೋನ್ ಮಾಡಿದರು. ರಕ್ತದಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಬೆಳೆದಿದೆ, ಚರ್ಮದಿಂದ ಬೆರೆತ ಕಸ ಎಂದು ಬಿಡಬಹುದು, ಆದರೆ ಒಂದು ಕೇಳಲೇ, ಇವರು ಮೀನು ಅಥವಾ ಹಂದಿ ಮುಟ್ಟುವ ಕೆಲಸದವರೇ? ನಾನು ರೋಗಿಯ ಹತ್ತಿರ ಓಡಿದೆ. ಅವರು ಲಾಬ್‌ಸ್ಟರ್ ಕೊಳದ ಮಾಲೀಕರು. ಚಿಪ್ಪಿನ ಮುಳ್ಳು ಬೆರಳಿಗೆ ಹೊಕ್ಕು ಹತ್ತು ದಿನವಾಗಿತ್ತು. ಎರಿಸಿಪೆಲೋಥ್ರಿಕ್ಸ್ ಎಂಬ ಈ ಬ್ಯಾಕ್ಟೀರಿಯಾ ಮೀನು, ಏಡಿ, ಲಾಬ್‌ಸ್ಟರ್ ಮುಟ್ಟುವವರ ಕೈಗೆ ಅಂಟುವುದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಅದಕ್ಕೆ ವ್ಯಾಂಕೊಮೈಸಿನ್ ನಾಟುವುದೇ ಇಲ್ಲ ಎನ್ನುವುದೂ ಪುಸ್ತಕದಲ್ಲಿದೆ. ಔಷಧ ಬದಲಿಸಿದೆವು. ಅಷ್ಟರಲ್ಲಿ ಅದು ಹೃದಯದ ಕವಾಟಕ್ಕೆ ಹೋಗಿ ಕುಳಿತಿತ್ತು. ಮುಂದೆ ಶಸ್ತ್ರಚಿಕಿತ್ಸೆ ಮಾಡಿ ಕವಾಟವನ್ನೇ ಬದಲಿಸಬೇಕಾಯಿತು. ನನ್ನ ಎರಡು ದಿನಗಳಿಂದಲೇ ಹಾಗಾಯಿತು ಎನ್ನಲಾರೆ, ಅವರು ಬರುವ ಮುಂಚೆಯೇ ಆಗಿದ್ದಿರಬಹುದು. ಅಲ್ಲ ಎಂದು ಎದೆ ಮುಟ್ಟಿ ಹೇಳಲೂ ಆರೆ.

ಆಸ್ಪತ್ರೆಯ ಪರಿಶೀಲನೆಯಲ್ಲಿ "ಸಲಹಾಪಟ್ಟಿಯಂತೆ ನಡೆದಿದ್ದಾರೆ" ಎಂದು ಒಂದು ಸಾಲು ಬರೆದು ಮುಚ್ಚಿದರು. ನನಗೆ ನಿದ್ದೆ ಬರಲಿಲ್ಲ. ಎಂಬಿಬಿಎಸ್‌ನಲ್ಲಿ ನಮ್ಮ ಮೆಡಿಸಿನ್ ಪ್ರೊಫೆಸರು ರೋಗಿಯ ಹೆಸರು ಕೇಳುವ ಮುಂಚೆ ಅಂಗೈ ತಿರುಗಿಸಿ ನೋಡುತ್ತಿದ್ದರು. ಬೀಡಿ ಕಟ್ಟುವ ಬೆರಳು, ಅಡಿಕೆ ಸುಲಿದು ಕಪ್ಪಾದ ಅಂಗೈ, ಎಲ್ಲವನ್ನೂ ಅವರು ಹಾಗೆಯೇ ಓದುತ್ತಿದ್ದರು. ಇಟಲಿಯ ರಾಮಾಝೀನಿ ಎಂಬ ವೈದ್ಯ 1700ರಷ್ಟು ಹಿಂದೆಯೇ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ "ನಿನ್ನ ಕಸುಬೇನು" ಎಂಬುದನ್ನೂ ಸೇರಿಸಿಕೊಳ್ಳಿ ಎಂದು ಬರೆದಿಟ್ಟ. ನಮ್ಮ ಫಾರಂನಲ್ಲೂ ಆ ಪ್ರಶ್ನೆ ಇತ್ತಲ್ಲ! ಆದರೆ ಅದನ್ನು ಕೇಳಿದ್ದು ಇನ್ಶೂರೆನ್ಸ್ ಕಂಪನಿಗಾಗಿ. ಇನ್ಶೂರೆನ್ಸಿಗೆ "ಸ್ವಂತ ಉದ್ಯೋಗ" ಪೂರ್ಣ ಉತ್ತರ. ಅದೇ ಪ್ರಶ್ನೆಯನ್ನು ಮಂಚದ ಪಕ್ಕ ಕುಳಿತು ರೋಗಿಗಾಗಿ ಕೇಳಿದ್ದರೆ ಕೊಳ, ಮುಳ್ಳು, ಎಲ್ಲ ಹೊರಗೆ ಬರುತ್ತಿತ್ತು. ಪ್ರಶ್ನೆ ಒಂದೇ ಆದರೂ ಯಾರಿಗಾಗಿ ಕೇಳುತ್ತೇವೆ ಎಂಬುದರ ಮೇಲೆ ಸಿಗುವ ಉತ್ತರ ಬದಲಾಗುತ್ತದೆ ಎಂದು ಹೊಳೆದದ್ದು ಆಗ.

ಅವರು ಚೇತರಿಸಿಕೊಂಡ ಮೇಲೆ ನಡೆದದ್ದನ್ನು ಅವರಿಗೆ ಹೇಳಿದೆ. ಹೇಳಬೇಡಿ ಎಂದು ಸಲಹೆ ಕೊಟ್ಟವರಿದ್ದರು. ಅವರು ಬಹಳ ಹೊತ್ತು ಸುಮ್ಮನಿದ್ದು, "ಡಾಕ್, ನಾನು ನನ್ನದೇ ಕೊಳದ ಲಾಬ್‌ಸ್ಟರ್ ಆಗಿದ್ದರೆ ಮೊದಲನೇ ದಿನವೇ ನನ್ನನ್ನು ಮಾರಿಬಿಡುತ್ತಿದ್ದೆ" ಎಂದರು. ತಮಾಷೆಗೆ ಹೇಳಿದರು. ನನಗೆ ನಗು ಬರಲಿಲ್ಲ, ತಾತ ನೆನಪಾದರು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ನಮ್ಮ ಕೂಟದ ಪಶುವೈದ್ಯರೊಬ್ಬರಿಗೆ ಆ ಹಾಳೆಗಳನ್ನು ತೋರಿಸಿದೆ. ಅವರು ಓದಿ, "ಇದರಲ್ಲೇನು ತಪ್ಪು? ನಿಮಗೆ ಒಬ್ಬ ರೋಗಿ, ನನಗೆ ಹಿಂಡು. ಹತ್ತನ್ನು ಕೊಂದು ಸಾವಿರ ಉಳಿಸುವುದೇ ನಮ್ಮ ವೈದ್ಯ" ಎಂದರು. ಮಾತು ಖಂಡಿತ ನಿಜ. ಪಂಜರದ ಲಾಬ್‌ಸ್ಟರ್ ನನ್ನ ರೋಗಿಯಂತಲ್ಲ, ಒಪ್ಪುತ್ತೇನೆ. ಅದಕ್ಕೂ ನೋವಿದೆಯೇ ಎಂಬ ವಾದದಲ್ಲಿ ಬ್ರಿಟನ್ ತನ್ನ 2022ರ ಕಾಯ್ದೆಯಲ್ಲಿ ಏಡಿ, ಲಾಬ್‌ಸ್ಟರುಗಳನ್ನು ಸಂವೇದನೆಯುಳ್ಳ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ, ಸ್ವಿಟ್ಜರ್ಲೆಂಡ್ 2018ರಿಂದ ಜೀವಂತ ಲಾಬ್‌ಸ್ಟರನ್ನು ಕುದಿಯುವ ನೀರಿಗೆ ಹಾಕುವುದನ್ನು ನಿಷೇಧಿಸಿದೆ. ಅದನ್ನು ಇನ್ನೊಮ್ಮೆ ಬರೆಯೋಣ. ಆದರೆ "ತಕ್ಷಣ ಮಾರಿ" ಎನ್ನುವುದು ಹಿಂಡಿನ ವೈದ್ಯವೂ ಅಲ್ಲವಲ್ಲ ಎಂದೆ. ಹಿಂಡಿನ ವೈದ್ಯ ಪಕ್ಕದ ಪಂಜರದವನಿಗೂ ಹೇಳುತ್ತದೆ, ಸತ್ತದ್ದನ್ನು ನೀರಿಗೆ ಎಸೆಯಬೇಡ ಎನ್ನುತ್ತದೆ, ಔಷಧ ಚುಚ್ಚಿದ್ದರೆ ಇಷ್ಟು ದಿನ ಕಾಯಿ ಎನ್ನುತ್ತದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅದೂ ಸರಿಯೇ" ಎಂದರು. ಹಾಗೆ ಎಷ್ಟು ಮನೆಗಳಲ್ಲಿ ನಡೆಯುತ್ತದೆ ಎಂದು ಮಾತ್ರ ಹೇಳಲಿಲ್ಲ.

ಮೈಸಿನ್‌ನಲ್ಲಿ ಒಂದು ಸೊಗಸಿತ್ತು. ಅದು ಪ್ರಶ್ನೆ ಕೇಳಿದಾಗ ವೈದ್ಯ "ಯಾಕೆ?" ಎಂದು ಟೈಪ್ ಮಾಡಬಹುದಾಗಿತ್ತು. ಈ ನಿಯಮಕ್ಕಾಗಿ ಕೇಳುತ್ತಿದ್ದೇನೆ ಎಂದು ಅದು ತನ್ನ ನಿಯಮವನ್ನೇ ತೆರೆದು ತೋರಿಸುತ್ತಿತ್ತು. ಇಂದಿನ ದೊಡ್ಡ ಯಂತ್ರಗಳಿಗೂ ಅಷ್ಟು ನೇರವಾಗಿ ಹೇಳಲು ಬರುವುದಿಲ್ಲ. "ಯಾರಿಗಾಗಿ?" ಎಂದು ಕೇಳುವ ಗುಂಡಿಯನ್ನು ಮಾತ್ರ ಆಗಲೂ ಯಾರೂ ಇಡಲಿಲ್ಲ. ಅದು ಯಂತ್ರಕ್ಕೆ ಹಾಕುವ ಪ್ರಶ್ನೆಯಲ್ಲ, ನಿಯಮ ಬರೆದವನಿಗೆ ಹಾಕುವ ಪ್ರಶ್ನೆ. ಆ ನಾಲ್ಕು ಹಾಳೆಯ ಮಟ್ಟಿಗೆ ಅರ್ಧ ನಿಯಮ ಬರೆದವನು ಈಗ ನಾನೇ.

ಹಾಗಾಗಿ ಹಾಳೆಯ ತಲೆಯ ಮೇಲೆ ಕೆಲವು ಪ್ರಶ್ನೆ ಸೇರಿಸಿದೆ. ಒಂದು ಪಂಜರದಲ್ಲಿ ಎಷ್ಟು? ಪಕ್ಕದ ಪಂಜರ ಎಷ್ಟು ದೂರ? ಉಳಿದ ಮೇವು ಎಲ್ಲಿಗೆ ಹೋಗುತ್ತದೆ? ಸತ್ತದ್ದನ್ನು ಏನು ಮಾಡಿದಿರಿ? 2017ರ ಮೇ ತಿಂಗಳಲ್ಲಿ ಅಲ್ಲಿಯ ಕ್ಸುವಾನ್ ದಾಯ್ ಕೊಲ್ಲಿಯಲ್ಲಿ ಲಾಬ್‌ಸ್ಟರುಗಳು ರಾಶಿರಾಶಿಯಾಗಿ ಸತ್ತವು. ನೀರಿನಲ್ಲಿ ಆಮ್ಲಜನಕ ಕುಸಿದದ್ದು ಕಾರಣ, ಕೊಲ್ಲಿಯಲ್ಲಿ ಪಂಜರ ಕಿಕ್ಕಿರಿದಿದ್ದವು. ಅಂಥ ದಿನ ಒಂದೊಂದು ಲಾಬ್‌ಸ್ಟರಿನ ಹೊಟ್ಟೆ ತಿರುಗಿಸಿ ನೋಡಿ ಏನು ಪ್ರಯೋಜನ? "ತಕ್ಷಣ ಮಾರಿ" ಎಂಬುದನ್ನು ಹೊಡೆದುಹಾಕಲು ಹೋಗಿ, ಹೊಡೆಯಲಾರದೆ, ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದೆ.

ಹತ್ತು ದಿನ ಬಿಟ್ಟು ಹುಡುಗ ಫೋನ್ ಮಾಡಿದ. ಹೊಸ ಪ್ರಶ್ನೆಗಳನ್ನು ಹಾಕಿಕೊಂಡಿದ್ದಾನಂತೆ. ಆ ಸಾಲಿನ ವಿಷಯ ಏನಾಯಿತು ಎಂದೆ. "ಅಂಕಲ್, ಅವಳು ಅವಳ ಮಾವನ್ನೇ ಕೇಳಿದ್ಲು. ನಿಮ್ಮ ಹೆಸರೂ ಹೇಳಿದ್ಲು." ಸ್ವಲ್ಪ ತಡೆದು ಮುಂದುವರಿಸಿದ. "ಅವರು ಏನಂದ್ರು ಅಂದ್ರೆ, ಮಾರಬೇಡ ಅಂತ ಯಂತ್ರದಲ್ಲಿ ಬರೆದ್ರೆ, ಬ್ಯಾಂಕಿನ ಕಂತು ಆ ಡಾಕ್ಟರ್ ಕಟ್ತಾರಾ, ಕೇಳು, ಅಂದ್ರಂತೆ."

ತಾತನನ್ನು ಕೇಳಿದ್ದರೆ ಅವರೂ ಹೀಗೆಯೇ ಹೇಳುತ್ತಿದ್ದರೋ ಏನೋ. ಆ ವರ್ಷ ನಮ್ಮ ಮನೆಯಲ್ಲಿ ಅತ್ತೆಯ ಮದುವೆಯಿತ್ತು.

ಹುಡುಗ ಮುಂದಿನ ಭಾನುವಾರ ಹಾಳೆ ತೆಗೆದುಕೊಂಡು ಮತ್ತೆ ಬರುತ್ತಾನೆ. ಆ ಸಾಲನ್ನು ಏನು ಮಾಡಬೇಕೆಂದು ನಾನು ಇನ್ನೂ ತೀರ್ಮಾನಿಸಿಲ್ಲ. ನಮ್ಮ ಸದಸ್ಯರಲ್ಲಿ ಬ್ಯಾಂಕಿನವರಿದ್ದಾರೆ, ಇನ್ಶೂರೆನ್ಸಿನವರಿದ್ದಾರೆ. ಅಡಿಕೆ, ಕಾಫಿ ತೋಟವನ್ನು ಊರಿನಲ್ಲಿ ಬಿಟ್ಟು ಬಂದು, ಕೊಳೆರೋಗದ ವರ್ಷ ಏನಾಗುತ್ತದೆಂದು ಬಲ್ಲವರೂ ಇದ್ದಾರೆ. ಯಾರಿಗಾದರೂ ಏನಾದರೂ ತೋಚಿದರೆ ಶನಿವಾರ ಸಂಜೆಯೊಳಗೆ ಮನೆಗೆ ಫೋನ್ ಮಾಡಿ. ಡ್ಯೂಟಿ ಇಲ್ಲ, ಇರುತ್ತೇನೆ.